ಇಷ್ಟು ವರ್ಷ ಇಲ್ಲದ ನಂಜು ಈಗೇಕೆ?

ತುಮಕೂರಿನ ಉಪ್ಪಾರಹಳ್ಳಿಯಿಂದ ಸೋದರಿಯೊಬ್ಬರು ನಾಲ್ಕು ಪುಟ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಇವರ ಮನೆಯ ಮಗ್ಗುಲಿಗೂ ಹಿತ್ತಲ ಕಡೆಗೂ ಖಾಲಿ ಸೈಟುಗಳು. ಎರಡು ಮಳೆ ಬಿದ್ದರೆ ಸಾಕು, ಅಲ್ಲಿ ಸೊಂಟದೆತ್ತರ ಕಾಂಗ್ರೆಸ್ ಗಿಡ. ಅದು ಹೂ ಬಿಡುವ ಹೊತ್ತಿಗೆ ಸರಿಯಾಗಿ ಇವರ ಕಣ್ಣಿನ ರೆಪ್ಪೆ ಊದುತ್ತದೆ, ಕತ್ತು ಮತ್ತು ಮೊಣಕೈ ಮಡಿಕೆ ಕೆಂಪಾಗಿ ರಾತ್ರಿಯೆಲ್ಲ ತುರಿಕೆ. ಏಳು ವರ್ಷದ ಮಗನಿಗೆ ಬೇರೆಯದೇ ತೊಂದರೆ: ಬೆಳಗಾಗೆದ್ದರೆ ಇಪ್ಪತ್ತು ಸೀನು, ನಡುರಾತ್ರಿಯಲ್ಲಿ ಗೂರಲು. ಅತ್ತೆಯವರು ಎರಡಕ್ಕೂ "ನಂಜು" ಎಂದು ಹೇಳಿ ಮೊದಲು ಬದನೆಕಾಯಿ ಬಿಡಿಸಿದರು. ಆಮೇಲೆ ಕುಂಬಳಕಾಯಿ, ಕಡಲೆಕಾಯಿ, ಕೊಬ್ಬರಿ, ಮೊಟ್ಟೆ. ಈಗ ತಟ್ಟೆಯಲ್ಲಿ ಉಳಿದಿರುವುದು ಅನ್ನ, ತಿಳಿಸಾರು. ತುರಿಕೆ ಮಾತ್ರ ಉಳಿದೇ ಇದೆ.

"ನಾನು ಚಿಕ್ಕವಳಿದ್ದಾಗ ಅದೇ ಗಿಡದ ಮಧ್ಯೆ ಆಡಿ ಬೆಳೆದವಳು. ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಬಂತು? ನಮ್ಮ ಯಜಮಾನರೂ ಇದೇ ಮನೆಯಲ್ಲಿದ್ದಾರಲ್ಲ, ಅವರಿಗೇಕೆ ಏನೂ ಇಲ್ಲ?" ಎಂದು ಕೇಳಿದ್ದಾರೆ.

ಬಹಳ ಒಳ್ಳೆಯ ಪ್ರಶ್ನೆ. ಮೈಮೇಲೆ ದದ್ದು ಎದ್ದ ಕೂಡಲೇ ನಾವೆಲ್ಲ "ನಿನ್ನೆ ಹೊಸದಾಗಿ ಏನು ತಿಂದೆ?" ಎಂದು ಹುಡುಕಲು ಹೊರಡುತ್ತೇವೆ. ಹೊಸದನ್ನು ಹುಡುಕುವುದೇ ತಪ್ಪು ದಾರಿ. ಅಲರ್ಜಿ ಅನ್ನುವುದು ಅಪರಿಚಿತರ ಮೇಲೆ ಬರುವ ಸಿಟ್ಟಲ್ಲ, ಪರಿಚಯವಾದ ಮೇಲೆ ಬರುವ ಸಿಟ್ಟು. ಮೊದಲ ಭೇಟಿಯಲ್ಲಿ ದೇಹ ಸುಮ್ಮನೆ ನೋಡಿಕೊಂಡು, ಗುರುತಿಟ್ಟುಕೊಂಡು ಬಿಡುತ್ತದೆ. ಆಗ ಹೊರಗೆ ಏನೂ ಕಾಣುವುದಿಲ್ಲ. ಗುರುತಿಟ್ಟುಕೊಳ್ಳುವ ಈ ಕೆಲಸಕ್ಕೆ ಕೆಲವರಲ್ಲಿ ಕೆಲವು ವಾರ ಸಾಕು, ಇನ್ನು ಕೆಲವರಲ್ಲಿ ಹತ್ತಿಪ್ಪತ್ತು ವರ್ಷಗಳೇ ಹಿಡಿಯುತ್ತವೆ.

ಇದು ಜನಕ್ಕೆ ಮೊದಲು ತಿಳಿದದ್ದು ಒಂದು ನಾಯಿಯಿಂದ. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಸಮುದ್ರದ ಒಂದು ವಿಷಜೀವಿಯ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ನಾಯಿಗಳಿಗೆ ಚುಚ್ಚಿ, ವಿಷಕ್ಕೆ ಅವು ಒಗ್ಗಿಕೊಳ್ಳುವಂತೆ ಮಾಡಬಹುದೇ ಎಂದು ನೋಡುತ್ತಿದ್ದರು. ನೆಪ್ಚೂನ್ ಎಂಬ ನಾಯಿ ಮೊದಲ ಚುಚ್ಚುಮದ್ದನ್ನು ತಡೆದುಕೊಂಡಿತು. ಮೂರು ವಾರ ಕಳೆದ ಮೇಲೆ ಅದಕ್ಕೆ ಮತ್ತೊಮ್ಮೆ ಕೊಂಚವೇ ಕೊಂಚ ವಿಷ ಕೊಟ್ಟರು. ಒಗ್ಗಿಕೊಂಡಿರಬೇಕಾದ ಗಟ್ಟಿಮುಟ್ಟಾದ ನಾಯಿ ಅರ್ಧ ಗಂಟೆಯೊಳಗೆ ಸತ್ತುಹೋಯಿತು. ಅದನ್ನು ಕೊಂದದ್ದು ವಿಷವಲ್ಲ, ವಿಷದ ನೆನಪು. ಇದನ್ನು ಅವರು 1902ರಲ್ಲಿ ಪ್ರಕಟಿಸಿದರು. ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನವೂ ಬಂತು. "ಅಲರ್ಜಿ" ಎಂಬ ಮಾತು ಹುಟ್ಟಿದ್ದು 1906ರಲ್ಲಿ. ಆಸ್ಟ್ರಿಯಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎರಡು ಗ್ರೀಕ್ ಪದ ಕೂಡಿಸಿ ಮಾಡಿದ ಹೆಸರು ಅದು. ಬದಲಾದ ವರ್ತನೆ ಎಂದು ಅರ್ಥ. ಅಂದರೆ ಬದಲಾಗುವುದು ವಸ್ತುವಲ್ಲ, ನಾವು.

ಒಳಗೆ ಏನು ನಡೆಯುತ್ತದೆ ಎಂಬುದನ್ನು ಈಗ ನೋಡೋಣ. ಮೊದಲು ಮಗುವಿನ ಸೀನು.

ಕಾಂಗ್ರೆಸ್ ಹೂವಿನ ಪರಾಗ ಗಾಳಿಯಲ್ಲಿ ಬಂದು ಮೂಗಿನ ಒದ್ದೆ ಪೊರೆಗೆ ಅಂಟುತ್ತದೆ. ಅಲ್ಲಿರುವ ಕಾವಲು ಕೋಶಗಳು ಅದರ ಚೂರೊಂದನ್ನು ಹೊತ್ತುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ತೋರಿಸುತ್ತವೆ. ಗಂಟಲು ಕೆಟ್ಟಾಗ ದವಡೆಯ ಕೆಳಗೆ ಗಂಟು ಕಟ್ಟಿಕೊಂಡು ಕೈಗೆ ಸಿಗುತ್ತದಲ್ಲ, ಅದೇ ಗ್ರಂಥಿ. ಬಹಳಷ್ಟು ಜನರಲ್ಲಿ ಅಲ್ಲಿ "ಇದು ಬರೀ ಧೂಳು, ಬಿಡಿ" ಎಂದು ತೀರ್ಮಾನವಾಗುತ್ತದೆ. ಯಜಮಾನರ ವಿಷಯದಲ್ಲಿ ಆಗಿರುವುದು ಅದೇ. ಕೆಲವರಲ್ಲಿ ಮಾತ್ರ "ಇದು ಶತ್ರು" ಎಂದು ತೀರ್ಪಾಗಿಬಿಡುತ್ತದೆ. ತೀರ್ಪು ಕೊಡುವವು ಟಿ ಕೋಶಗಳು. ಅವುಗಳ ಮಾತು ಕೇಳಿ ಬಿ ಕೋಶಗಳು ಆ ಪರಾಗಕ್ಕೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗೆ ಒಂದು ಪ್ರತಿಕಾಯ ತಯಾರಿಸುತ್ತವೆ. ಅದರ ಹೆಸರು ಐಜಿಇ.

ಈ ಐಜಿಇ ರಕ್ತದಲ್ಲಿ ಅಲೆಯುತ್ತ ಹೋಗಿ ಮೂಗು, ಶ್ವಾಸನಾಳ, ಕರುಳು, ಚರ್ಮ ಎಲ್ಲೆಡೆ ಇರುವ ಮಾಸ್ಟ್ ಕೋಶಗಳೆಂಬ ಕೋಶಗಳ ಮೈಮೇಲೆ ಕೂತುಕೊಳ್ಳುತ್ತದೆ. ಮಾಸ್ಟ್ ಕೋಶದ ಹೊಟ್ಟೆಯೊಳಗೆ ಸಣ್ಣ ಸಣ್ಣ ಕಾಳಿನಂಥ ಚೀಲಗಳು, ಅವುಗಳ ತುಂಬ ಹಿಸ್ಟಮೀನ್ ಎಂಬ ರಾಸಾಯನಿಕ. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ, ಸಾಸಿವೆ ಕೈಯಲ್ಲಿದೆ ಎನ್ನುವ ಸ್ಥಿತಿ ಅದು. ಹೀಗೆ ಸಿದ್ಧವಾಗಿ ದಿನಗಟ್ಟಲೆ, ವಾರಗಟ್ಟಲೆ ಕಾಯುತ್ತಾ ಇರುತ್ತದೆ. ಮುಂದಿನ ಸಲ ಅದೇ ಪರಾಗ ಬಂದು ಪಕ್ಕಪಕ್ಕದಲ್ಲಿ ಕೂತ ಎರಡು ಐಜಿಇಗಳನ್ನು ಒಟ್ಟಿಗೆ ಮುಟ್ಟಿದರೆ ಆಯಿತು, ಚಟಪಟ! ಚೀಲಗಳೆಲ್ಲ ಒಡೆದು ಹಿಸ್ಟಮೀನ್ ಹೊರಕ್ಕೆ ಚೆಲ್ಲುತ್ತದೆ. ಸಣ್ಣ ರಕ್ತನಾಳಗಳು ಸಡಿಲವಾಗಿ ನೀರು ಜಿನುಗುತ್ತದೆ, ನರಗಳ ತುದಿ ಕೆರಳುತ್ತದೆ. ಮೂಗಿನಲ್ಲಾದರೆ ಸೀನು, ಸುರಿಯುವ ನೀರು. ಚರ್ಮದಲ್ಲಾದರೆ ನಾವು ಪಿತ್ತದ ಗಂಧೆ ಎಂದು ಕಂಬಳಿ ಹುಡುಕುವ ಆ ದದ್ದು. ಶ್ವಾಸನಾಳದಲ್ಲಾದರೆ ಸುತ್ತಲಿನ ಸ್ನಾಯು ಬಿಗಿದು ಉಬ್ಬಸ. ಎಲ್ಲವೂ ಕೆಲವೇ ನಿಮಿಷಗಳ ಕೆಲಸ.

ಅಷ್ಟಕ್ಕೇ ಮುಗಿಯುವುದಿಲ್ಲ. ಮಾಸ್ಟ್ ಕೋಶದ ಕೂಗಿಗೆ ಓಗೊಟ್ಟು ಬೇರೆ ಜಾತಿಯ ಬಿಳಿ ರಕ್ತಕಣಗಳು ಹಿಂಡು ಹಿಂಡಾಗಿ ಬಂದು ಸೇರುತ್ತವೆ. ಐದಾರು ಗಂಟೆ ಕಳೆದ ಮೇಲೆ ಎರಡನೆಯ ಸುತ್ತು ಊತ. ಸಂಜೆ ಸೈಟಿನಲ್ಲಿ ಆಡಿ ಬಂದ ಮಗು ಆಗ ಚೆನ್ನಾಗಿದ್ದು ರಾತ್ರಿ ಗೂರಲು ಪಡುವುದಕ್ಕೆ ಇದೂ ಒಂದು ಕಾರಣ. "ರಾತ್ರಿ ಮೊಸರು ತಿಂದ, ಅದಕ್ಕೇ" ಎಂದು ಮೊಸರಿನ ಮೇಲೆ ಅಪವಾದ ಹಾಕುತ್ತೇವೆ.

ಇಂಥ ಕೆಟ್ಟ ಐಜಿಇ ನಮಗೆ ಏಕೆ ಬೇಕಿತ್ತು ಎಂದು ನೀವು ಕೇಳಬಹುದು. ಹೊಟ್ಟೆಯ ಜಂತುಹುಳುವಿನಂಥ ಪರಾವಲಂಬಿಗಳನ್ನು ಹೊರದೂಡಲು ದೇಹ ಇಟ್ಟುಕೊಂಡ ಆಯುಧ ಅದು. ಆಯುಧ ಒಳ್ಳೆಯದೇ, ಗುರಿ ತಪ್ಪಿದೆ. ಅದನ್ನು ಕಂಡುಹಿಡಿದ ಕಥೆ ಕೂಡ ಹೇಳುವಂಥದ್ದು. 1921ರಲ್ಲಿ ಜರ್ಮನಿಯಲ್ಲಿ ಕ್ಯುಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವರ ಜೊತೆಗಾರ ಪ್ರೌಸ್ನಿಟ್ಸ್ ಕ್ಯುಸ್ಟ್ನರರ ರಕ್ತದ ತಿಳಿಯನ್ನು ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿದರೆ, ಮೀನು ತಿಂದು ಅರಗಿಸಿಕೊಳ್ಳುತ್ತಿದ್ದ ಪ್ರೌಸ್ನಿಟ್ಸರ ಚರ್ಮದಲ್ಲಿ ದದ್ದು ಎದ್ದಿತು! ರಕ್ತದಲ್ಲಿ ಏನೋ ಇದೆ ಎಂದಾಯಿತು. ಏನು ಎಂದು ತಿಳಿಯಲು ಮತ್ತೆ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿಗಳು, ಕಿಮಿಶಿಗೆ ಇಶಿಜಾಕ ಮತ್ತು ಅವರ ಪತ್ನಿ ತೆರುಕೊ ಇಶಿಜಾಕ, ತಮ್ಮದೇ ಚರ್ಮದ ಮೇಲೆ ಪರೀಕ್ಷೆ ಮಾಡಿಕೊಂಡು ಅದನ್ನು ಹಿಡಿದರು. ಸ್ವೀಡನ್ನಿನವರೂ ಬೇರೆ ದಾರಿಯಿಂದ ಅದೇ ಹೊತ್ತಿಗೆ ಅಲ್ಲಿಗೆ ತಲುಪಿದ್ದರು. ಗಂಡ ಹೆಂಡತಿ ಇಬ್ಬರೂ ಒಂದೇ ಪ್ರಯೋಗಶಾಲೆಯಲ್ಲಿ ಸಮಸಮವಾಗಿ ದುಡಿದದ್ದು ನನಗಂತೂ ಬಹಳ ಮೆಚ್ಚುಗೆಯಾಯಿತು.

ಇನ್ನು ತಾಯಿಯ ತುರಿಕೆ. ಗಿಡ ಒಂದೇ ಆದರೂ ಈ ರೋಗದ ದಾರಿ ಬೇರೆ.

ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ನಮ್ಮ ನೆಲದ್ದಲ್ಲ. ಮೆಕ್ಸಿಕೋ ಕಡೆಯದು. ನಮ್ಮ ದೇಶದಲ್ಲಿ ಇದನ್ನು ಗುರುತಿಸಿದ್ದು 1955ರಲ್ಲಿ, ಪುಣೆಯಲ್ಲಿ. ಹೊರದೇಶದ ಗೋಧಿಯ ಜೊತೆ ಬೀಜ ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ. ತಲೆಯ ಮೇಲೆ ಬಿಳಿ ಟೋಪಿಯಂಥ ಹೂವಿರುವುದರಿಂದ ಕಾಂಗ್ರೆಸ್ ಎಂಬ ಹೆಸರು ಬಿತ್ತಂತೆ. ಆ ಪಕ್ಷದವರು ಬೇಸರ ಮಾಡಿಕೊಳ್ಳಬಾರದು. ಎರಡೇ ದಶಕದಲ್ಲಿ ಬೆಂಗಳೂರು, ತುಮಕೂರು ಸುತ್ತಮುತ್ತ ರೈಲು ಹಳಿಯ ಪಕ್ಕ, ರಸ್ತೆ ಬದಿ, ಬೀಳು ಹೊಲ ಎಲ್ಲೆಲ್ಲೂ ಹಬ್ಬಿತು. 1975ರಲ್ಲಿ ಕರ್ನಾಟಕದಲ್ಲಿ ಇದನ್ನು ಉಪದ್ರವದ ಕಳೆ ಎಂದು ಕಾನೂನಿನ ಪ್ರಕಾರ ಘೋಷಿಸಿದ್ದೂ ಆಯಿತು. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತರಿಸಿ ಬೆಂಗಳೂರಿನ ಸುತ್ತ ಬಿಟ್ಟರು. ಬೂದುಬಣ್ಣದ ಬೆನ್ನಿನ ಮೇಲೆ ಕಪ್ಪು ಗೀರುಗಳಿರುವ ಸಣ್ಣ ಹುಳು, ಮಳೆಗಾಲದಲ್ಲಿ ನೀವೂ ನೋಡಿರುತ್ತೀರಿ. ಅದು ತಿನ್ನುತ್ತಾ ಇದೆ, ಇದು ಚಿಗುರುತ್ತಾ ಇದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸಿದರೆ ಹುಳುವಾದರೂ ಎಷ್ಟೆಂದು ತಿಂದೀತು?

ಗಿಡದ ಎಲೆ, ಕಾಂಡ, ಹೂವಿನ ಮೇಲೆಲ್ಲ ನವಿರಾದ ಕೂದಲು. ಅದರಲ್ಲಿ ಪಾರ್ಥೆನಿನ್ ಎಂಬ ಕಹಿ ವಸ್ತು ಇದೆ. ಅದು ಎಷ್ಟು ಚಿಕ್ಕದೆಂದರೆ ಅದೊಂದನ್ನೇ ದೇಹದ ಕಾವಲಿನವರು ಗಮನಿಸುವುದೇ ಇಲ್ಲ. ಆದರೆ ಚರ್ಮದೊಳಗೆ ನುಸುಳಿ ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಮನೆಯವರೇ ವೇಷ ಹಾಕಿಕೊಂಡು ನಿಂತಂತೆ ಕಂಡು ಟಿ ಕೋಶಗಳು ಅನುಮಾನಪಡುತ್ತವೆ, ಗುರುತಿಟ್ಟುಕೊಳ್ಳುತ್ತವೆ. ಇಲ್ಲಿ ಐಜಿಇ ಇಲ್ಲ, ಸಾಸಿವೆ ಸಿಡಿಯುವುದೂ ಇಲ್ಲ. ಮುಂದೆ ಯಾವತ್ತೋ ಅದು ಚರ್ಮಕ್ಕೆ ತಾಗಿದಾಗ ಟಿ ಕೋಶಗಳೇ ಖುದ್ದಾಗಿ ಹೊರಟು ಆ ಜಾಗಕ್ಕೆ ಬಂದು ಸೇರಬೇಕು. ಹಾಗೆ ಸೇರಲು ಒಂದರಿಂದ ಮೂರು ದಿನ ಬೇಕು.

ಈ ಎರಡು ದಿನದ ಲೆಕ್ಕ ನಮಗೆ ಗೊತ್ತಿಲ್ಲದ್ದರಿಂದಲೇ ಅಪರಾಧಿ ತಪ್ಪಿಸಿಕೊಳ್ಳುವುದು. ಭಾನುವಾರ ಹಿತ್ತಲ ಗಿಡ ಕಿತ್ತಿರಿ, ಮಂಗಳವಾರ ಬೆಳಿಗ್ಗೆ ಕಣ್ಣು ಊದಿತು. ಸೋಮವಾರ ರಾತ್ರಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಿರಿ. ಸಿಕ್ಕಿಬಿದ್ದದ್ದು ಬದನೆಕಾಯಿ! ಆದ್ದರಿಂದ ಎದ್ದದ್ದು ಬಂದು ಹೋಗುವ ದದ್ದಾದರೆ, ಸೀನಾದರೆ, ಹಿಂದಿನ ಒಂದೆರಡು ಗಂಟೆ ನೆನಪಿಸಿಕೊಳ್ಳಿ. ಎದ್ದದ್ದು ಚರ್ಮ ದಪ್ಪಗಾಗಿ ನೀರೊಸರುವ ಇಸುಬಾದರೆ, ಮೂರು ದಿನ ಹಿಂದಕ್ಕೆ ಹೋಗಿ. ಅದೂ ತಿಂದದ್ದನ್ನಲ್ಲ, ಮುಟ್ಟಿದ್ದನ್ನು.

ಗಿಡವನ್ನು ಕೈಯಲ್ಲಿ ಮುಟ್ಟಲೇಬೇಕು ಎಂದೂ ಇಲ್ಲ. ಒಣಗಿ ಪುಡಿಯಾದ ಗಿಡದ ಚೂರು ಗಾಳಿಯಲ್ಲಿ ಬಂದು ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂತರೂ ಸಾಕು. ಬಟ್ಟೆ ಮುಚ್ಚಿದ ಬೆನ್ನು ಹೊಟ್ಟೆ ಚೆನ್ನಾಗಿದ್ದು ತೆರೆದಿಟ್ಟ ಜಾಗವಷ್ಟೇ ಕೆಡುವುದು ಇದರ ಒಂದು ಗುರುತು. ಇನ್ನೊಂದು ಸಂಗತಿ ನಮ್ಮ ಹೆಣ್ಣುಮಕ್ಕಳು ಕೇಳಿರಲೇಬೇಕು. ಸೇವಂತಿಗೆ, ಸೂರ್ಯಕಾಂತಿ ಎರಡೂ ಈ ಗಿಡದ ಕುಟುಂಬದವೇ. ಪಾರ್ಥೇನಿಯಂ ಆಗದ ಕೆಲವರಿಗೆ ಸೇವಂತಿಗೆಯೂ ಆಗುವುದಿಲ್ಲ. ಕತ್ತಿನ ಹಿಂಭಾಗದಲ್ಲೇ ಹೆಚ್ಚು ತುರಿಕೆ ಇದ್ದರೆ ಜಡೆಗೆ ಏನು ಮುಡಿಯುತ್ತೀರಿ ನೋಡಿಕೊಳ್ಳಿ. ಕೆಲವು ವಾರ ಮಲ್ಲಿಗೆ ಮುಡಿದರೆ ನಷ್ಟವೇನಿಲ್ಲ.

ಇದೇ ಎರಡು ದಿನದ ಅಲರ್ಜಿ ಅಡುಗೆ ಮನೆಯಲ್ಲೂ, ಕನ್ನಡಿಯ ಮುಂದೂ ಇದೆ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ತುದಿ ಮಾತ್ರ ಒಡೆದು ಸಿಪ್ಪೆ ಏಳುತ್ತಿದೆಯೇ? ಸೋಪಿನ ಪುಡಿಯನ್ನು ಬೈಯುವ ಮುಂಚೆ ಬೆಳ್ಳುಳ್ಳಿಯನ್ನು ಯಾವ ಕೈಯಲ್ಲಿ ಹಿಡಿದು ಹೆಚ್ಚುತ್ತೀರಿ ನೋಡಿ. ಹಣೆಯ ನಡುವೆ ಬಿಂದಿಯಷ್ಟೇ ದುಂಡಗೆ ಕೆಂಪಾಗಿದ್ದರೆ ಅಥವಾ ಬೆಳ್ಳಗಾಗಿದ್ದರೆ ಅದು ಸ್ಟಿಕ್ಕರಿನ ಅಂಟು. ಗಿಲೀಟಿನ ಓಲೆ, ಸೇಫ್ಟಿ ಪಿನ್ನು ತಾಗಿದಲ್ಲಿ ತುರಿಕೆಯಾದರೆ ನಿಕ್ಕಲ್ ಎಂಬ ಲೋಹ. ತಲೆಗೆ ಕಪ್ಪು ಬಣ್ಣ ಹಚ್ಚಿದ ಎರಡನೆಯ ದಿನ ಕಿವಿ, ಹಣೆ ಊದಿದರೆ ಆ ಬಣ್ಣದೊಳಗಿನ ಪಿಪಿಡಿ. "ಹತ್ತು ವರ್ಷದಿಂದ ಇದೇ ಕಂಪನಿಯದು ಹಚ್ಚುತ್ತಿದ್ದೇನೆ" ಎಂಬುದು ಬಣ್ಣದ ಪರವಾದ ಸಾಕ್ಷಿಯಲ್ಲ. ಹತ್ತು ವರ್ಷದಿಂದ ಹಚ್ಚಿದ್ದಕ್ಕೇ ದೇಹಕ್ಕೆ ಗುರುತು ಸಿಕ್ಕಿರುವುದು.

ಹಾಗಾದರೆ ಬದನೆಕಾಯಿ ಪೂರ್ತಿ ನಿರ್ದೋಷಿಯೇ? ನಮ್ಮ ಮೈಸೂರಿನಲ್ಲೇ ಇದರ ಬಗ್ಗೆ ಸಂಶೋಧನೆ ನಡೆದಿದೆ. 741 ಜನರನ್ನು ಪರೀಕ್ಷಿಸಿದ ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಐಜಿಇಯಿಂದಾಗುವ ನಿಜವಾದ ಬದನೆಕಾಯಿ ಅಲರ್ಜಿ ಕಂಡುಬಂದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಬದನೆ ಆಗದವರಲ್ಲಿ ಹೆಂಗಸರೇ ಹೆಚ್ಚು. ಅಜ್ಜಿಯರ ಮಾತೂ ಪೂರಾ ಸುಳ್ಳಲ್ಲ, ಬದನೆಕಾಯಿಯಲ್ಲೇ ಸ್ವಲ್ಪ ಹಿಸ್ಟಮೀನ್ ಇರುತ್ತದೆ. ಕೆಲವರಿಗೆ ನಾಲಿಗೆ ತುಟಿ ತುರಿಸುವುದಕ್ಕೆ ಅದೂ ಕಾರಣ. ತಿಂದ ಸ್ವಲ್ಪ ಹೊತ್ತಿಗೆ ಪ್ರತಿ ಸಲವೂ ಹಾಗಾದರೆ ಬಿಡಿ. ಆಗದಿದ್ದರೆ ಸುಮ್ಮನೆ ಏಕೆ ಬಿಡಬೇಕು? ಮಗುವಿಗೆ ಹಾಲು ಕುಡಿಸುತ್ತಿರುವ ಸೊಸೆಗೆ ಮೊಟ್ಟೆ, ಕಡಲೆಕಾಯಿ, ಕೊಬ್ಬರಿ ಎಲ್ಲ ನಂಜೆಂದು ನಿಲ್ಲಿಸಿ ರಕ್ತಹೀನತೆ ತಂದುಕೊಂಡ ಮನೆಗಳಿವೆ. ಯಾವುದನ್ನು ಬಿಡಬೇಕೆಂದು ವೈದ್ಯರ ಪರೀಕ್ಷೆ ಹೇಳಲಿ, ಊಹೆ ಹೇಳುವುದು ಬೇಡ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಾಂಗ್ರೆಸ್ ಪರಾಗದ ಬಗ್ಗೆ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಮೂಗಿನ ಅಲರ್ಜಿ ಇದ್ದವರಲ್ಲಿ ನೂರಕ್ಕೆ 34 ಜನರ, ಉಬ್ಬಸ ಇದ್ದವರಲ್ಲಿ ನೂರಕ್ಕೆ 12 ಜನರ ಚರ್ಮ ಈ ಪರಾಗಕ್ಕೆ ಪ್ರತಿಕ್ರಿಯೆ ತೋರಿಸಿತು. ದೊಡ್ಡ ಪಾಲೇ. ಆದರೆ ಉಳಿದವರ ಉಬ್ಬಸಕ್ಕೆ ಬೇರೆ ಕಾರಣ ಇದ್ದೇ ಇದೆ ಎಂದೂ ಇದರ ಅರ್ಥ. ಹಾಸಿಗೆ ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳ, ಜಿರಳೆ, ಒಲೆಯ ಹೊಗೆ, ವಾಹನದ ಹೊಗೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿದರು. 1979ರಲ್ಲಿ ಉಬ್ಬಸ ಇದ್ದದ್ದು ನೂರಕ್ಕೆ 9 ಮಕ್ಕಳಿಗೆ, 1999ರಲ್ಲಿ 29.5. ಗಿಡ ಒಂದರಿಂದಲೇ ಅಷ್ಟು ಏರುವುದಿಲ್ಲ. ಅಲರ್ಜಿಯ ಪ್ರವೃತ್ತಿ ತಂದೆತಾಯಿಯಿಂದ ಬರುತ್ತದೆ, ಯಾವುದಕ್ಕೆ ಅಲರ್ಜಿ ಎಂಬುದನ್ನು ಊರು, ಗಾಳಿ ತೀರ್ಮಾನಿಸುತ್ತವೆ.

ಪತ್ರ ಬರೆದ ಸೋದರಿಗೆ ನನ್ನ ಸಲಹೆ ಇಷ್ಟು. ಪತ್ರ ನೋಡಿ ರೋಗ ಹೇಳಲಾಗದು. ನಿಮ್ಮ ಚರ್ಮಕ್ಕೆ ಪ್ಯಾಚ್ ಪರೀಕ್ಷೆ ಎಂಬುದಿದೆ. ಶಂಕೆಯ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ಎರಡು ದಿನದ ಮೇಲೆ ತೆಗೆದು ನೋಡುತ್ತಾರೆ. ಏಕೆ ಎರಡು ದಿನ ಎಂದು ಈಗ ನಿಮಗೇ ಗೊತ್ತು. ಮಗನಿಗೆ ಮಾಡುವುದು ಚುಚ್ಚು ಪರೀಕ್ಷೆ, ಅದರ ಫಲ ಕಾಲು ಗಂಟೆಯಲ್ಲಿ ತಿಳಿಯುತ್ತದೆ. ಸೀನಿಗೆ ಕೊಡುವ ಮಾತ್ರೆ ಹಿಸ್ಟಮೀನನ್ನು ತಡೆಯುವಂಥದ್ದು. ನಿಮ್ಮ ಇಸುಬು ಅದರಿಂದ ವಾಸಿಯಾಗುವುದಿಲ್ಲ. ಹಾಗೆಂದು ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಮುಲಾಮನ್ನು ರೆಪ್ಪೆಗೆ ತಿಂಗಳುಗಟ್ಟಲೆ ಹಚ್ಚಿಕೊಳ್ಳಬೇಡಿ. ಚರ್ಮ ತೆಳುವಾಗುತ್ತದೆ, ಕಣ್ಣಿಗೂ ಅಪಾಯ.

ಮಗನಿಗೆ ಡಾಕ್ಟರು ಇನ್‌ಹೇಲರ್ ಬರೆದರೆ ಹೆದರಬೇಡಿ. "ಅಭ್ಯಾಸವಾಗಿಬಿಡುತ್ತೆ, ಕೊನೆಯ ಮದ್ದು ಅದು" ಎಂಬ ಮಾತು ಎಷ್ಟೋ ಮಕ್ಕಳ ನಿದ್ದೆ ಕೆಡಿಸಿದೆ. ಮಾತ್ರೆಯಾದರೆ ಮೈಯೆಲ್ಲ ಸುತ್ತಬೇಕು. ಇದು ಬೇಕಾದ ಜಾಗಕ್ಕೆ ಕಣದಷ್ಟು ಔಷಧವನ್ನು ನೇರವಾಗಿ ತಲುಪಿಸುತ್ತದೆ. ಹೆಣ್ಣುಮಗುವಾದರೆ "ನಾಳೆ ಗಂಡಿನ ಕಡೆಯವರು ನೋಡಿದರೆ?" ಎಂದು ಬಚ್ಚಿಡುವವರೂ ಇದ್ದಾರೆ. ಬಚ್ಚಿಟ್ಟು ತಪ್ಪಿಸಿದ ಔಷಧದಿಂದ ಜೀವವೇ ಹೋದೀತು.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಜೇನುಹುಳು ಕಚ್ಚಿಯೋ, ಇಂಜೆಕ್ಷನ್ನಿನಿಂದಲೋ, ಏನೋ ತಿಂದೋ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ಗಂಟಲು ಬಿಗಿದು, ಧ್ವನಿ ಬದಲಾಗಿ, ತಲೆ ತಿರುಗಿದರೆ ಅದು ನೆಪ್ಚೂನ್ ನಾಯಿಗೆ ಆದದ್ದೇ. ಮೈಯ ಮಾಸ್ಟ್ ಕೋಶಗಳೆಲ್ಲ ಒಟ್ಟಿಗೆ ಸಿಡಿದು ರಕ್ತದ ಒತ್ತಡ ಕುಸಿಯುತ್ತದೆ. ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ, ಎದ್ದು ನಡೆಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಬೇಕಾದದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ನುಂಗಿಸಿ ನೋಡೋಣ ಎನ್ನುವಷ್ಟು ಸಮಯ ಇರುವುದಿಲ್ಲ. ಪೆನಿಸಿಲಿನ್ ಒಗ್ಗದ್ದು ಗೊತ್ತಿದ್ದರೆ ಆಸ್ಪತ್ರೆ ಚೀಟಿಗಳ ಫೈಲಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಕೊನೆಗೆ ಸೈಟಿನ ಗಿಡ. ತುರಿಕೆ ಇರುವ ನೀವಾಗಲಿ, ಗೂರಲಿನ ಮಗುವಾಗಲಿ ಅದಕ್ಕೆ ಕೈ ಹಾಕಬೇಡಿ. ಏನೂ ಆಗದ ಯಜಮಾನರಿಗೂ ಮುಂದೆ ಆಗಬಾರದೆಂದಿಲ್ಲ, ಆದ್ದರಿಂದ ಅವರು ಉದ್ದ ತೋಳಿನ ಅಂಗಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರಾದರೂ ಸುತ್ತಿಕೊಂಡು ಕೀಳಲಿ. ಮಳೆ ಬಂದ ಮಾರನೆಯ ದಿನ ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಬೇರುಸಹಿತ ಬರಬೇಕು. ಕುಡುಗೋಲಿನಲ್ಲಿ ಸವರಿದರೆ ಮತ್ತೆ ಚಿಗುರುತ್ತದೆ. ಬಂದ ಕೂಡಲೇ ಸ್ನಾನ, ಆ ಬಟ್ಟೆಯನ್ನು ನಿಮ್ಮ ಬಟ್ಟೆಯ ಜೊತೆ ನೆನೆಹಾಕುವುದು ಬೇಡ. ಪಕ್ಕದ ಸೈಟಿನ ಒಡೆಯರು ಬೆಂಗಳೂರಿನಲ್ಲಿದ್ದರೆ ಬೀದಿಯ ನಾಲ್ಕು ಮನೆಯವರು ಸೇರಿ ಮಹಾನಗರ ಪಾಲಿಕೆಗೆ ಒಂದು ಅರ್ಜಿ ಬರೆದುಕೊಡಿ. ಕಿತ್ತ ಎಳೆಯ ಗಿಡವನ್ನು ಗುಂಡಿಯಲ್ಲಿ ಸಗಣಿ ನೀರು ಹಾಕಿ ಕೊಳೆಸಿದರೆ ಗೊಬ್ಬರವಾಗುತ್ತದೆ. ಹೂ ಬಂದದ್ದನ್ನು ಮಾತ್ರ ಆ ಗುಂಡಿಗೆ ಹಾಕಬೇಡಿ, ಬೀಜ ಸಾಯದೆ ಗೊಬ್ಬರದ ಜೊತೆ ನಿಮ್ಮ ಕನಕಾಂಬರದ ಪಾತಿಗೇ ಬರುತ್ತದೆ.